ಗಾಂಧಿ ಕ್ಲಾಸಿನವರು ನೋಡಿದ ಸಿನಿಮಾಕ್ಕೆ ಪ್ರಶಸ್ತಿ ಯಾಕೆ ಕೊಡಬಾರದು?

ಇದು ಉದ್ದದ ಪೋಸ್ಟು. ಪುರುಸೊತ್ತು ಇದ್ದಾಗ ಓದಿ, ಆದ್ರೆ ಅರ್ಧ ಓದಿ ಕಾಮೆಂಟ್ ಹಾಕಬೇಡಿ.

ಹೋದ ವಾರ ನಮ್ಮ ಹುಡುಗರ ವಾಟ್ಸಾಪ್ ಗುಂಪಿನಲ್ಲಿ ಎರಡು ದಿನ ಜಗಳ. ವಿಷಯ ಏನಪ್ಪಾ ಅಂದ್ರೆ, ನೂರಾರು ಕೋಟಿ ಬಾಚಿದ ಸಿನಿಮಾಗಳಿಗೆ ರಾಷ್ಟ್ರಪ್ರಶಸ್ತಿ, ಆಸ್ಕರ್ ನಾಮಿನೇಷನ್ ಎಲ್ಲ ಸಿಗಬೇಕಾ ಬೇಡವಾ. ಒಬ್ಬ ಹೇಳ್ತಾನೆ, "ದುಡ್ಡು ಬಂದಾಯ್ತಲ್ಲ, ಪ್ರಶಸ್ತಿನೂ ಅವರಿಗೇ ಯಾಕೆ? ಸಣ್ಣ ಸಿನಿಮಾ ಮಾಡೋರಿಗೆ ಕೊಡ್ಲಿ." ಇನ್ನೊಬ್ಬ, "ಕೋಟಿ ಜನ ಮೆಚ್ಚಿದ್ದನ್ನ ಹತ್ತು ಜನ ಎಸಿ ರೂಮಲ್ಲಿ ಕೂತು ಕೆಟ್ಟದ್ದು ಅನ್ನೋಕೆ ಅವರ್ಯಾರು?" ಇಬ್ಬರೂ ನಮ್ಮವರೇ. ಇಬ್ಬರ ಮಾತಲ್ಲೂ ಸಿಟ್ಟಿದೆ, ಇಬ್ಬರ ಸಿಟ್ಟೂ ನ್ಯಾಯದ್ದೇ. ಕೊನೆಗೆ, "ಅಣ್ಣಾ, ನೀವೇ ಒಂದು ತೀರ್ಮಾನ ಹೇಳಿ" ಅಂದ್ರು. ತೀರ್ಮಾನ ಹೇಳೋಕೆ ನಾನೇನು ಪಂಚಾಯ್ತಿ ಯಜಮಾನನಾ? ಆದ್ರೆ ಈ ಜಗಳಕ್ಕೆ ಒಂದು ಚರಿತ್ರೆ ಇದೆ. ಅದನ್ನು ಬಿಟ್ಟು ಮಾತಾಡಿದ್ರೆ ಇಬ್ಬರೂ ಸೋಲ್ತೀವಿ. ಅದಕ್ಕೇ ಇದನ್ನು ಬರೀತಿದ್ದೀನಿ.

ಮೊದಲು ನಮ್ಮೂರ ಟೆಂಟಿನ ಮಾತು. ಟೂರಿಂಗ್ ಟಾಕೀಸು ಬರೋದು ಸುಗ್ಗಿ ಮುಗಿದ ಮೇಲೆ. ನಮ್ಮಪ್ಪ ಕೂಲಿ ಮುಗಿಸಿ, ಕೈಕಾಲು ತೊಳ್ಕೊಂಡು, ನನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಹೋಗೋರು. ಊರ ಹೋಟೆಲಿನಲ್ಲಿ ಅವರಿಗೆ ಬೇರೆ ಲೋಟ. ದೇವಸ್ಥಾನಕ್ಕೆ ಹೊರಗಿಂದ ಕೈಮುಗಿಯೋದು. ಬಾವಿ ಕಡೆ ತಲೆ ಹಾಕೋ ಹಾಗಿಲ್ಲ. ಆದ್ರೆ ಟೆಂಟಿನ ಒಳಗೆ? ಅಲ್ಲಿ ಕೇಳ್ತಿದ್ದದ್ದು ಒಂದೇ, ಟಿಕೆಟ್ ಎಲ್ಲಿ. ನೆಲದ ಟಿಕೆಟ್ ತಗೊಂಡ್ರೆ ಮರಳಲ್ಲಿ ಕೂತ್ಕೋ, ಬೆಂಚಿನ ಟಿಕೆಟ್ ತಗೊಂಡ್ರೆ ಬೆಂಚಲ್ಲಿ ಕೂತ್ಕೋ. ಪಟ್ಟಣದ ಟಾಕೀಸಿನಲ್ಲಿ ಮುಂದಿನ ಸಾಲಿಗೆ ಗಾಂಧಿ ಕ್ಲಾಸು ಅಂತ ಹೆಸರು. (ಯಾಕೆ ಆ ಹೆಸರಿಟ್ಟರೋ, ಹರಿಜನ ಅಂತ ಹೆಸರಿಟ್ಟ ಹಾಗೇ ಇರಬೇಕು, ಹೋಗ್ಲಿ ಬಿಡಿ.) ಹಾಗಂತ ಟೆಂಟಿನಲ್ಲಿ ಜಾತಿ ಸತ್ತುಹೋಗಿತ್ತು ಅಂತಲ್ಲ. ಗೌಡರ ಮಗ ಬಂದ್ರೆ ಜಾಗ ಬಿಡ್ತಿದ್ರು. ಆದ್ರೂ ಕತ್ತಲಾದ ಮೇಲೆ, ಪರದೆ ಬೆಳಗಿದ ಮೇಲೆ, ನಮ್ಮಪ್ಪ ಹೊಡೆದ ಶಿಳ್ಳೆಗೂ ಗೌಡರ ಮಗ ಹೊಡೆದ ಶಿಳ್ಳೆಗೂ ವ್ಯತ್ಯಾಸ ಗೊತ್ತಾಗ್ತಿರಲಿಲ್ಲ.

ಬಾಬಾಸಾಹೇಬರು 1949ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಎಚ್ಚರಿಕೆ ಕೊಟ್ಟಿದ್ರಲ್ಲ, ರಾಜಕೀಯದಲ್ಲಿ ಒಬ್ಬನಿಗೆ ಒಂದು ಮತ, ಒಂದು ಮತಕ್ಕೆ ಒಂದು ಬೆಲೆ ಅಂತ ಒಪ್ಪಿಕೊಳ್ತೀವಿ, ಆದ್ರೆ ಸಮಾಜದಲ್ಲಿ, ಆರ್ಥಿಕ ಬದುಕಿನಲ್ಲಿ ಅದನ್ನು ಒಪ್ಪಿಕೊಳ್ಳಲ್ಲ ಅಂತ. ನಮ್ಮ ಕೇರಿಗಳಿಗೆ ಮತಪೆಟ್ಟಿಗೆ ಆದ ಮೇಲೆ ತಮ್ಮ ಆಯ್ಕೆ ಲೆಕ್ಕಕ್ಕೆ ಬಂದ ಎರಡನೇ ಜಾಗ ಅಂದ್ರೆ ಆ ಟಿಕೆಟ್ ಕೌಂಟರು. ಅದಕ್ಕೇ "ಜನ ಮೆಚ್ಚಿದ ಸಿನಿಮಾ" ಅನ್ನೋ ಮಾತನ್ನು ನಾನು ಹಗುರವಾಗಿ ತಗೊಳ್ಳಲ್ಲ. ಆ ಜನದಲ್ಲಿ ನಮ್ಮಪ್ಪನೂ ಇದ್ದ.

ಈಗ 1975ಕ್ಕೆ ಬನ್ನಿ. ಆ ಒಂದು ವರ್ಷ ನೋಡಿದ್ರೆ ಈ ಇಡೀ ಜಗಳ ಅರ್ಥ ಆಗುತ್ತೆ.

ಆ ವರ್ಷದ ಆಗಸ್ಟ್ 15ಕ್ಕೆ 'ಶೋಲೆ' ಬಿಡುಗಡೆ ಆಯ್ತು. ನಮ್ಮ ರಾಮನಗರದ ಬಂಡೆಗಳಲ್ಲಿ ತೆಗೆದ ಸಿನಿಮಾ. ದೇಶವೇ ಹುಚ್ಚೆದ್ದು ನೋಡಿತು. ಆದ್ರೆ ಫಿಲ್ಮ್‌ಫೇರ್‌ನವರು ಅದಕ್ಕೆ ಕೊಟ್ಟಿದ್ದು ಒಂದೇ ಪ್ರಶಸ್ತಿ, ಅದೂ ಸಂಕಲನಕ್ಕೆ. ಮೂವತ್ತು ವರ್ಷ ಆದ ಮೇಲೆ ಅದೇ ಫಿಲ್ಮ್‌ಫೇರ್‌ನವರು ಐವತ್ತು ವರ್ಷಗಳ ಅತ್ಯುತ್ತಮ ಚಿತ್ರ ಅಂತ ಅದನ್ನೇ ಕರೆದು ಕೂರಿಸಿದರು. ಮೊದಲು ಮೆಚ್ಚಿದ್ದು ಗಾಂಧಿ ಕ್ಲಾಸು, ಬಾಲ್ಕನಿಯವರಿಗೆ ಮೂವತ್ತು ವರ್ಷ ಬೇಕಾಯ್ತು.

ಅದೇ 1975ರ ಸಿನಿಮಾಗಳಿಗೆ ಕೊಟ್ಟ 23ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಒಂದು, ಬಿ.ವಿ. ಕಾರಂತರ 'ಚೋಮನ ದುಡಿ'ಗೆ ಅತ್ಯುತ್ತಮ ಚಿತ್ರದ ಸ್ವರ್ಣಕಮಲ. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವ ರಾವ್ ಅವರಿಗೆ ಅತ್ಯುತ್ತಮ ನಟ, ಕಥೆಗಾಗಿ ಶಿವರಾಮ ಕಾರಂತರಿಗೂ ಪ್ರಶಸ್ತಿ. ಎರಡು, ಆ ವರ್ಷವೇ ಒಂದು ಹೊಸ ವಿಭಾಗ ಶುರುವಾಯ್ತು: ಸದಭಿರುಚಿಯ ಮನರಂಜನೆ ನೀಡುವ ಅತ್ಯುತ್ತಮ ಜನಪ್ರಿಯ ಚಿತ್ರ. ಮೊದಲನೇ ಸಲ ಅದು ಸಿಕ್ಕಿದ್ದು ಹಿಂದಿಯ 'ತಪಸ್ಯಾ'ಗೆ, ತಮ್ಮ ತಂಗಿಯರಿಗಾಗಿ ತನ್ನ ಬದುಕು ಬಿಟ್ಟುಕೊಟ್ಟ ಅಕ್ಕನ ಕಥೆ.

ಅಂದ್ರೆ ಏನಾಯ್ತು ನೋಡಿ. ಸರ್ಕಾರ ಸಾಲು ಎರಡು ಮಾಡಿತು. ಕಲೆಗೆ ಒಂದು ಪಂಕ್ತಿ, ಜನಕ್ಕೆ ಒಂದು ಪಂಕ್ತಿ. ಪಂಕ್ತಿಭೇದ ಅಂದ್ರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಜನದ ಪಂಕ್ತಿಗೂ ಒಂದು ಷರತ್ತು ಹಾಕಿದ್ರು, "ಸದಭಿರುಚಿ" ಇರಬೇಕು. ರುಚಿ ಯಾರದ್ದು? ಸತ್ ಅಂತ ಹೇಳೋನು ಯಾರು?

ಈ ರುಚಿ ಪ್ರಶ್ನೆಯನ್ನು ಅದಕ್ಕೆ ಎರಡೇ ವರ್ಷ ಮುಂಚೆ ಒಬ್ಬರು ಮೈಸೂರಿನಲ್ಲಿ ಕೇಳಿ ಮಂತ್ರಿ ಪದವಿ ಕಳ್ಕೊಂಡಿದ್ರು. 1973ರ ನವೆಂಬರ್. ಬಿ. ಬಸವಲಿಂಗಪ್ಪ. ಮಲ ಹೊರುವ ಪದ್ಧತಿ ನಿಲ್ಲಿಸೋಕೆ ಹೊರಟ ಮಂತ್ರಿ. ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದುಬಿಟ್ರು. ಹಾಸ್ಟೆಲುಗಳಲ್ಲಿ ನಮ್ಮ ಹುಡುಗರಿಗೆ ಏಟು ಬಿತ್ತು. ಬಸವಲಿಂಗಪ್ಪನವರು ರಾಜೀನಾಮೆ ಕೊಟ್ಟರು. ಆ ಏಟಿನಿಂದಲೇ ದಲಿತ ಸಂಘರ್ಷ ಸಮಿತಿ ಹುಟ್ಟಿದ ಕಥೆ ನಿಮಗೆಲ್ಲ ಗೊತ್ತು. ಅವರು ಕೇಳಿದ್ದು ಏನು? ಈ ಸಾಹಿತ್ಯದಲ್ಲಿ ನಾವೆಲ್ಲಿದ್ದೀವಿ ಅಂತ. ಎರಡು ವರ್ಷ ಬಿಟ್ಟು ದೆಹಲಿಯಿಂದ ಸ್ವರ್ಣಕಮಲ ಬಂತು. ನೋಡಿ, ಇಲ್ಲಿದ್ದೀರಲ್ಲ, ಚೋಮ ಇದ್ದಾನಲ್ಲ ಅಂತ ಉತ್ತರ ಕೊಟ್ಟ ಹಾಗಿತ್ತು.

'ಚೋಮನ ದುಡಿ'ಯನ್ನು ನಾನು ಬೈಯಲ್ಲ. ಆ ಸಿನಿಮಾ ನೋಡಿ ಅತ್ತಿದ್ದೀನಿ. ಕಾಡಿನಲ್ಲಿ ಸಿಕ್ಕಿದ ಜೋಡಿ ಎತ್ತು ಸಾಕ್ಕೊಂಡು, ನನಗೂ ಉಳೋಕೆ ಒಂದು ತುಂಡು ಗದ್ದೆ ಕೊಡಿ ಅಂತ ಸಂಕಪ್ಪಯ್ಯನ ಅಂಗಳದಲ್ಲಿ ನಿಂತು ಕೇಳೋ ಚೋಮ. ಹೊಲೆಯ ಬೇಸಾಯ ಮಾಡೋ ಹಾಗಿಲ್ಲ ಅನ್ನೋ ಕಟ್ಟಳೆ. ಮುಟ್ಟಿದ್ರೆ ಮೈಲಿಗೆ ಅಂತ ದಡದಲ್ಲಿ ನಿಂತವರು ನೋಡ್ತಾ ಇರುವಾಗ ನೀರಲ್ಲಿ ಮುಳುಗಿ ಸಾಯೋ ಮಗ. ಕೊನೆಗೆ ನೇಗಿಲು ಸುಟ್ಟು, ಎತ್ತು ಕಾಡಿಗಟ್ಟಿ, ಬಾಗಿಲು ಹಾಕ್ಕೊಂಡು ದುಡಿ ಬಾರಿಸ್ತಾ ಬಾರಿಸ್ತಾ ಪ್ರಾಣ ಬಿಡೋ ಚೋಮ. ಅದು ಸುಳ್ಳಲ್ಲ. ಆದ್ರೆ ಅದು ಪರದೆಗೆ ಬಂದ ಕಾಲ ನೋಡಿ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದಿತ್ತು. ಉಳುವವನೇ ಹೊಲದೊಡೆಯ. ಗೇಣಿದಾರರು 7ನೇ ನಂಬರ್ ಫಾರಂ ತುಂಬಿ ಭೂ ನ್ಯಾಯಮಂಡಳಿಗೆ ಕೊಡ್ತಿದ್ದ ದಿನಗಳು ಅವು. ಕರಾವಳಿಯಲ್ಲಿ ಎಷ್ಟೋ ಒಕ್ಕಲು ಮನೆಗಳಿಗೆ ಭೂಮಿ ಬಂತು. ದೊಡ್ಡ ಬದಲಾವಣೆ, ಅದನ್ನು ಅಲ್ಲಗಳೆಯಲ್ಲ. ಆದ್ರೆ ಚೋಮ 7ನೇ ನಂಬರ್ ಫಾರಂ ತುಂಬೋಕೆ ಆಗ್ತಿತ್ತಾ? ಅವನು ಗೇಣಿದಾರನೇ ಅಲ್ಲ, ಜೀತದ ಆಳು. ಕಾಯ್ದೆ ಉಳುವವನಿಗೆ ಭೂಮಿ ಕೊಟ್ಟಿತು, ಉಳೋಕೇ ಬಿಡದೆ ಇದ್ದವನಿಗೆ ಕೊಡಲಿಲ್ಲ. ಹೊಲದಲ್ಲಿ ಬೆವರು ಸುರಿಸಿದ ಕೂಲಿಯವರು, ಅವರಲ್ಲಿ ಹೆಚ್ಚಿನವರು ನಮ್ಮವರು, ಬರಿಗೈಲಿ ಉಳಿದ್ರು.

ಕಂದಾಯ ಕಚೇರಿಯಲ್ಲಿ ಚೋಮನಿಗೆ ಜಾಗ ಇರಲಿಲ್ಲ, ಪ್ರಶಸ್ತಿ ಪಟ್ಟಿಯಲ್ಲಿ ಇತ್ತು. ಸತ್ತ ಚೋಮನಿಗೆ ಸ್ವರ್ಣಕಮಲ ಕೊಡೋದು ಸುಲಭ. ಬದುಕಿರೋ ಚೋಮನಿಗೆ ಎರಡು ಎಕರೆ ಪಹಣಿ ಕೊಡೋದು ಕಷ್ಟ.

ನಮ್ಮ ಕೇರಿಗಳಲ್ಲಿ 'ಚೋಮನ ದುಡಿ' ನೋಡಿದವರು ಎಷ್ಟು ಜನ? ನಮ್ಮಪ್ಪ ನೋಡಿರಲಿಲ್ಲ. ಅವರು ನೋಡಿದ್ದು 'ಬಂಗಾರದ ಮನುಷ್ಯ', 1972ರದು, ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದು. ನಮ್ಮೂರಿಗೆ ಅದು ಎಷ್ಟೋ ವರ್ಷ ಆದ ಮೇಲೆ ಟೆಂಟಿನಲ್ಲಿ ಬಂತು. ಅದರಲ್ಲೂ ಭೂಮಿಯದ್ದೇ ಕಥೆ. ಬಂಡೆ ಒಡೆದು ಬಂಗಾರ ಬೆಳೆಯೋ ರಾಜೀವಪ್ಪ. ಅವನ ಹತ್ರ ಒಡೆಯೋಕೆ ಬಂಡೆನಾದ್ರೂ ಇತ್ತು, ಅದು ಬೇರೆ ಮಾತು. ನಮ್ಮಪ್ಪನಿಗೆ ಅದೆಲ್ಲ ಬೇಕಿರಲಿಲ್ಲ. ಪರದೆ ಮೇಲೆ ಕೆಸರು ಮೆತ್ಕೊಂಡ ಮನುಷ್ಯನೊಬ್ಬ ಹೀರೋ ಆಗಿದ್ದ, ಅಷ್ಟು ಸಾಕಿತ್ತು. ಆ ರಾಜಕುಮಾರ್ ಅವರಿಗೆ ಅತ್ಯುತ್ತಮ ನಟ ಅಂತ ರಾಷ್ಟ್ರಪ್ರಶಸ್ತಿ ಒಂದೂ ಬರಲಿಲ್ಲ ಅನ್ನೋದು ಗೊತ್ತಾ? ಬಂದಿದ್ದು ಗಾಯಕ ಅಂತ, 'ಜೀವನ ಚೈತ್ರ'ದ ಹಾಡಿಗೆ. ಆಮೇಲೆ ಫಾಲ್ಕೆ ಪ್ರಶಸ್ತಿ ಬಂತು, ಸರಿ. ಆದ್ರೆ ಇನ್ನೂರು ಸಿನಿಮಾದಲ್ಲಿ ನಟಿಸಿದವರು ಹಾಡಿದ್ದಕ್ಕೆ ಮಾತ್ರ ಕಣ್ಣಿಗೆ ಬಿದ್ರು.

ಈ ಎರಡು ಪಂಕ್ತಿ ನಮ್ಮ ದೇಶದ್ದು ಮಾತ್ರ ಅಂದ್ಕೋಬೇಡಿ. ಆಸ್ಕರ್‌ನ ಮೊದಲ ಸಮಾರಂಭ ನಡೆದದ್ದು 1929ರಲ್ಲಿ. ಆವತ್ತು ದೊಡ್ಡ ಪ್ರಶಸ್ತಿ ಎರಡು ಇದ್ವು. ಯುದ್ಧ ವಿಮಾನಗಳ ಭರ್ಜರಿ ಸಿನಿಮಾ 'ವಿಂಗ್ಸ್'ಗೆ ಒಂದು, ಕಲಾತ್ಮಕ ಅಂತ 'ಸನ್‌ರೈಸ್'ಗೆ ಇನ್ನೊಂದು. ಮರುವರ್ಷವೇ ಎರಡನೇದನ್ನು ಕಿತ್ತುಹಾಕಿದ್ರು. ಅಂದ್ರೆ ಈ ಜಗಳ ಆ ಪ್ರಶಸ್ತಿ ಹುಟ್ಟಿದ ದಿನವೇ ಹುಟ್ಟಿದೆ.

1940ರಲ್ಲಿ 'ಗಾನ್ ವಿತ್ ದ ವಿಂಡ್'ಗೆ ಅತ್ಯುತ್ತಮ ಚಿತ್ರ ಅಂತ ಆಸ್ಕರ್ ಬಂತು. ಅದಕ್ಕಿಂತ ದೊಡ್ಡ ಬ್ಲಾಕ್‌ಬಸ್ಟರ್ ಇನ್ಯಾವುದು? ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಒಡೆಯರ ವೈಭವ ಹಾಡಿ ಹೊಗಳೋ ಸಿನಿಮಾ. ಜನಪ್ರಿಯ ಚಿತ್ರಕ್ಕೆ ದೊಡ್ಡ ಪ್ರಶಸ್ತಿ ಯಾಕೆ ಅನ್ನೋ ಪ್ರಶ್ನೆ ಅದಕ್ಕೆ ಅಡ್ಡ ಬರಲಿಲ್ಲ. ಅದರಲ್ಲಿ ಮನೆಯಾಳಿನ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್ ಪೋಷಕ ನಟಿ ಪ್ರಶಸ್ತಿ ಗೆದ್ದರು. ಆಸ್ಕರ್ ಗೆದ್ದ ಮೊದಲ ಕಪ್ಪು ವ್ಯಕ್ತಿ. ಆ ರಾತ್ರಿ ಅವರು ಎಲ್ಲಿ ಕೂತಿದ್ರು? ಸಮಾರಂಭ ನಡೆದ ಹೋಟೆಲು ಕಪ್ಪು ಜನರನ್ನು ಒಳಗೆ ಬಿಡ್ತಿರಲಿಲ್ಲ. ನಿರ್ಮಾಪಕರು ಹೇಳಿ ಕೇಳಿ ಒಳಗೆ ಬಿಡಿಸಿದ್ರು, ಗೋಡೆ ಪಕ್ಕದಲ್ಲಿ ಬೇರೆ ಟೇಬಲ್ ಹಾಕಿ ಕೂರಿಸಿದ್ರು. ತಮ್ಮದೇ ಸಿನಿಮಾದ ತಂಡದ ಜೊತೆ ಕೂರೋ ಹಾಗಿರಲಿಲ್ಲ. ಅದಕ್ಕೂ ಮುಂಚೆ ಅಟ್ಲಾಂಟಾದಲ್ಲಿ ಸಿನಿಮಾದ ಮೊದಲ ಪ್ರದರ್ಶನ ನಡೆದಾಗ ಅಲ್ಲಿಗೂ ಅವರು ಹೋಗೋ ಹಾಗಿರಲಿಲ್ಲ. ಅವರಾದ ಮೇಲೆ ನಟನೆಗಾಗಿ ಆಸ್ಕರ್ ಗೆದ್ದ ಮುಂದಿನ ಕಪ್ಪು ಹೆಣ್ಣುಮಗಳು ವೂಪಿ ಗೋಲ್ಡ್‌ಬರ್ಗ್, 1991ರಲ್ಲಿ. ಐವತ್ತೊಂದು ವರ್ಷ!

ಬೇರೆ ಲೋಟ, ಬೇರೆ ಟೇಬಲ್. ನಮಗೆ ಇದೇನು ಹೊಸದಲ್ಲ. ಮಲಯಾಳಂ ಸಿನಿಮಾದ ಮೊದಲ ನಾಯಕಿ ಪಿ.ಕೆ. ರೋಸಿ ದಲಿತ ಹೆಣ್ಣುಮಗಳು. ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್'ನಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ್ದೇ ತಪ್ಪಾಯ್ತು. ಸಿನಿಮಾ ಪ್ರದರ್ಶನದಲ್ಲಿ ಗಲಾಟೆ, ಆಮೇಲೆ ಊರೇ ಬಿಡಬೇಕಾಯ್ತು. ಕೇರಳ ಸರ್ಕಾರ ಇವತ್ತು ಕೊಡೋ ದೊಡ್ಡ ಸಿನಿಮಾ ಪ್ರಶಸ್ತಿಗೆ ಡೇನಿಯಲ್ ಹೆಸರಿದೆ.

ಇನ್ನು ಆಸ್ಕರ್‌ನ ಇತ್ತೀಚಿನ ಕಥೆ. 2008ರ 'ದ ಡಾರ್ಕ್ ನೈಟ್'ಗೆ ಅತ್ಯುತ್ತಮ ಚಿತ್ರದ ನಾಮಿನೇಷನ್ ಸಿಗಲಿಲ್ಲ ಅಂತ ದೊಡ್ಡ ಗದ್ದಲ ಆಯ್ತು. 2009ರಲ್ಲಿ ಐದಿದ್ದ ನಾಮಿನೇಷನ್ ಹತ್ತಕ್ಕೆ ಏರಿಸಿದ್ರು. ಸರಿ, ಪಂಕ್ತಿ ಒಂದೇ, ಎಲೆ ಜಾಸ್ತಿ ಹಾಕಿದ್ರು. ಅಲ್ಲಿಗೆ ನಿಲ್ಲಿಸಿದ್ರೆ ಚೆನ್ನಾಗಿತ್ತು. 2018ರ ಆಗಸ್ಟ್‌ನಲ್ಲಿ ಅಕಾಡೆಮಿ ಇನ್ನೊಂದು ಘೋಷಣೆ ಮಾಡಿತು, ಜನಪ್ರಿಯ ಚಿತ್ರಗಳಿಗೆ ಬೇರೆ ಆಸ್ಕರ್ ಕೊಡ್ತೀವಿ ಅಂತ. ನಮ್ಮವರು 1975ರಲ್ಲಿ ಮಾಡಿದ್ದನ್ನು ಅವರು 2018ರಲ್ಲಿ ಮಾಡೋಕೆ ಹೊರಟ್ರು. ಆ ವರ್ಷವೇ ಯಾಕೆ? ಆ ವರ್ಷ ಜಗತ್ತಿನಾದ್ಯಂತ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿ ನಿಂತಿದ್ದ ಸಿನಿಮಾ 'ಬ್ಲ್ಯಾಕ್ ಪ್ಯಾಂಥರ್'. ನಿರ್ದೇಶಕ ಕಪ್ಪು, ನಟರು ಬಹುಪಾಲು ಕಪ್ಪು, ಕಥೆ ಆಫ್ರಿಕಾದ್ದು. ಈ ಸಿನಿಮಾವನ್ನು ದೊಡ್ಡ ಪಂಕ್ತಿಗೆ ಬರದ ಹಾಗೆ ಪಕ್ಕದ ಕೋಣೆಯಲ್ಲಿ ಎಲೆ ಹಾಕಿ ಕೂರಿಸೋ ಉಪಾಯ ಇದು ಅಂತ ಅಲ್ಲಿನವರೇ ಉಗಿದರು. ಒಂದೇ ತಿಂಗಳಲ್ಲಿ ಘೋಷಣೆ ವಾಪಸ್. 'ಬ್ಲ್ಯಾಕ್ ಪ್ಯಾಂಥರ್'ಗೆ ಅತ್ಯುತ್ತಮ ಚಿತ್ರದ ನಾಮಿನೇಷನ್ ಬಂತು, ಸೂಪರ್‌ಹೀರೋ ಸಿನಿಮಾಗಳಲ್ಲೇ ಮೊದಲನೇದು. ವಸ್ತ್ರವಿನ್ಯಾಸಕ್ಕೆ ರೂತ್ ಕಾರ್ಟರ್, ಕಲಾ ನಿರ್ದೇಶನಕ್ಕೆ ಹ್ಯಾನಾ ಬೀಚ್ಲರ್ ಗೆದ್ದರು. ಆ ವಿಭಾಗಗಳಲ್ಲಿ ಗೆದ್ದ ಮೊದಲ ಕಪ್ಪು ಜನ ಅವರೇ.

(ಆ ಹೆಸರಿನ ಪಕ್ಷ 1966ರಲ್ಲಿ ಓಕ್ಲೆಂಡಿನಲ್ಲಿ ಹುಟ್ಟಿದ್ದು. ಅದನ್ನು ನೋಡಿ ನಾಮದೇವ ಢಸಾಳರು, ಜೆ.ವಿ. ಪವಾರರು ಮುಂಬೈನಲ್ಲಿ 1972ರಲ್ಲಿ ದಲಿತ ಪ್ಯಾಂಥರ್ಸ್ ಕಟ್ಟಿದ್ದು. ಸಿನಿಮಾ ನೋಡ್ತಾ ನನಗೆ ಅದೇ ನೆನಪಾಗ್ತಿತ್ತು, ಪಕ್ಕದಲ್ಲಿ ಕೂತವನಿಗೆ ಐರನ್ ಮ್ಯಾನ್ ಎಲ್ಲಿ ಅನ್ನೋದೇ ಚಿಂತೆ.)

ಆದ್ರೆ ಆ ವರ್ಷ ಗೆದ್ದದ್ದು 'ಗ್ರೀನ್ ಬುಕ್'. ಕಪ್ಪು ಸಂಗೀತಗಾರನೊಬ್ಬನ ಕಥೆಯನ್ನು ಅವನ ಬಿಳಿ ಡ್ರೈವರ್ ಕಣ್ಣಿಂದ ಹೇಳಿದ ಸಿನಿಮಾ. ಅಲ್ಲಿಗೂ ಚೋಮನ ಲೆಕ್ಕವೇ. ನಮ್ಮ ಕಥೆ ಇರಲಿ, ಕಣ್ಣು ಅವರದ್ದಿರಲಿ.

ಈಗ ನಮ್ಮ ಗುಂಪಿನ ಮೊದಲನೇ ಹುಡುಗನಿಗೆ ಒಂದು ಮಾತು. ದೊಡ್ಡ ಸಿನಿಮಾಗಳಿಗೆ ಪ್ರಶಸ್ತಿ ಕೊಡೋಕೆ ಜ್ಯೂರಿಗಳು ಹಿಂಜರೀತಾರೆ ಅಂತ ನೀನು ಅಂದ್ಕೊಂಡಿದ್ರೆ ತಪ್ಪು. ತಮಿಳಿನ 'ತೇವರ್ ಮಗನ್' 1992ರ ದೊಡ್ಡ ಹಿಟ್ಟು. ಊರ ಯಜಮಾನ ಜಾತಿಯ ದೊಡ್ಡಸ್ತಿಕೆಯ ಸಿನಿಮಾ. ಅದಕ್ಕೆ ಅತ್ಯುತ್ತಮ ತಮಿಳು ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಆ ಸಿನಿಮಾ ತನ್ನಂಥ ಹುಡುಗರಿಗೆ ಏನು ಮಾಡಿತು ಅಂತ ಮಾರಿ ಸೆಲ್ವರಾಜ್ ಬಹಿರಂಗ ಪತ್ರ ಬರೆದರು, ಆಮೇಲೆ 2023ರಲ್ಲಿ 'ಮಾಮನ್ನನ್' ಮಾಡಿ ಸಿನಿಮಾದಲ್ಲೇ ಉತ್ತರ ಕೊಟ್ಟರು. ಸದಭಿರುಚಿ ಅಂದ್ರೆ ಯಾರ ರುಚಿ ಅಂತ ಕೇಳಿದ್ನಲ್ಲ, ಅದಕ್ಕೇ.

2016ರ ಮಾರ್ಚ್. 63ನೇ ರಾಷ್ಟ್ರಪ್ರಶಸ್ತಿ ಪ್ರಕಟವಾಯ್ತು. ಜ್ಯೂರಿ ಅಧ್ಯಕ್ಷರು ಯಾರು ಅಂದ್ಕೊಂಡ್ರಿ? 'ಶೋಲೆ' ನಿರ್ದೇಶಿಸಿದ ರಮೇಶ್ ಸಿಪ್ಪಿ. ಅತ್ಯುತ್ತಮ ಚಿತ್ರ 'ಬಾಹುಬಲಿ'. ನಲವತ್ತು ವರ್ಷ ಆದ ಮೇಲೆ ಬ್ಲಾಕ್‌ಬಸ್ಟರ್‌ಗೆ ದೊಡ್ಡ ಪಂಕ್ತಿಯಲ್ಲೇ ಎಲೆ. ಯಾವ ಬ್ಲಾಕ್‌ಬಸ್ಟರ್? ಕ್ಷತ್ರಿಯ ಸಿಂಹಾಸನದ್ದು, ಒಡೆಯನಿಗೆ ತಲೆಬಾಗಿ ಗುಲಾಮನಾಗಿರೋದೇ ಧರ್ಮ ಅನ್ನೋ ಕಟ್ಟಪ್ಪನದ್ದು. ಗ್ರಾಫಿಕ್ಸ್ ಭರ್ಜರಿ, ಒಪ್ಪಿದೆ. ಅದೇ ಪಟ್ಟಿಯಲ್ಲಿ ಕೆಳಗೆಲ್ಲೋ 'ಸೈರಾಟ್'ನ ರಿಂಕು ರಾಜಗುರುಗೆ ವಿಶೇಷ ಉಲ್ಲೇಖ ಇತ್ತು. ಸಿನಿಮಾ ಇನ್ನೂ ಬಿಡುಗಡೆ ಆಗಿರಲಿಲ್ಲ. ಮುಂದಿನ ತಿಂಗಳು ಬಿಡುಗಡೆ ಆಯ್ತು, ನೂರು ಕೋಟಿ ದಾಟಿದ ಮೊದಲ ಮರಾಠಿ ಚಿತ್ರ ಆಯ್ತು. ನಾಗರಾಜ ಮಂಜುಳೆ ನಮ್ಮವನು. ಜಾತಿ ಮೀರಿ ಪ್ರೀತಿಸಿದವರ ಕತ್ತು ಕೊಯ್ಯೋ ಕಥೆ ಹೇಳಿ, ಹಾಡಿಗೆ ಜನ ಥಿಯೇಟರಿನಲ್ಲಿ ಎದ್ದು ಕುಣಿಯೋ ಹಾಗೆ ಮಾಡಿ, ಕೊನೆಗೆ ಅದೇ ಜನ ಮಾತಿಲ್ಲದೆ ಮನೆಗೆ ಹೋಗೋ ಹಾಗೆ ಮಾಡಿದ. ಕಲಾತ್ಮಕನಾ, ಜನಪ್ರಿಯನಾ? ಯಾವ ಪಂಕ್ತಿ ಹೇಳಿ? ಮಂಜುಳೆಯ ಹಿಂದಿನ ಸಿನಿಮಾ 'ಫಂಡ್ರಿ'ಗೆ ಚೊಚ್ಚಲ ನಿರ್ದೇಶಕನ ರಾಷ್ಟ್ರಪ್ರಶಸ್ತಿ ಸಿಕ್ಕಿತ್ತು. ಹಂದಿ ಹಿಡಿಯೋ ಹುಡುಗನ ಕಥೆ, ಸಣ್ಣ ಸಿನಿಮಾ. ಸಣ್ಣದಾಗಿ ಮಾಡಿದಾಗ ಪ್ರಶಸ್ತಿ ಸಿನಿಮಾಕ್ಕೆ, ದೊಡ್ಡದಾಗಿ ಮಾಡಿದಾಗ ಹುಡುಗಿಗೆ ಒಂದು ಉಲ್ಲೇಖ.

'ಸೈರಾಟ್' ಕನ್ನಡಕ್ಕೂ ಬಂತು, 'ಮನಸು ಮಲ್ಲಿಗೆ' ಅಂತ. ಹಿಂದಿಗೆ 'ಧಡಕ್' ಆಯ್ತು. ಹಿಂದಿಗೆ ಹೋಗೋ ಹೊತ್ತಿಗೆ ಅದರೊಳಗಿನ ಜಾತಿಯನ್ನು ತೊಳೆದು ಮಡಿ ಮಾಡಿದ್ರು. ಆ ಕಥೆ ಇನ್ನೊಂದಿನ.

2023ರ ಆಗಸ್ಟ್‌ನಲ್ಲಿ 69ನೇ ಪ್ರಶಸ್ತಿ. 2021ರ ಸಿನಿಮಾಗಳಿಗೆ. 'ಪುಷ್ಪ'ಕ್ಕೆ ಅಲ್ಲು ಅರ್ಜುನ್ ಅತ್ಯುತ್ತಮ ನಟ. 'ಆರ್‌ಆರ್‌ಆರ್'ಗೆ ಜನಪ್ರಿಯ ಚಿತ್ರ. 'ಕಾಶ್ಮೀರ್ ಫೈಲ್ಸ್'ಗೆ ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿ (ಭಾವೈಕ್ಯ! ನಗಬೇಕೋ ಅಳಬೇಕೋ). 'ಜೈ ಭೀಮ್'ಗೆ? ಸೊನ್ನೆ. 'ಕರ್ಣನ್'ಗೆ? ಸೊನ್ನೆ. ಜನಪ್ರಿಯ ಅಂತಾನೇ ಬಿಟ್ರಾ? ಹಾಗಾದ್ರೆ 'ಪುಷ್ಪ' ಏನು, ಭಜನೆ ಮಂಡಳಿಯವರು ಮಾತ್ರ ನೋಡಿದ್ದಾ? 'ಜೈ ಭೀಮ್' ಬಗ್ಗೆ ನನಗೂ ತಕರಾರಿದೆ. ಪೊಲೀಸ್ ಠಾಣೆಯಲ್ಲಿ ಸತ್ತವನ ಹೆಂಡತಿ ಸೆಂಗೇಣಿಯ ಹೋರಾಟ ಕೊನೆಗೆ ವಕೀಲ ಸಾಹೇಬರ ಹೋರಾಟ ಆಗಿಬಿಡುತ್ತೆ. ಆದ್ರೆ ಆ ತಕರಾರು ಆ ಜ್ಯೂರಿಯದ್ದಾಗಿತ್ತು ಅಂತ ನಂಬೋಷ್ಟು ಮುಗ್ಧ ನಾನಲ್ಲ.

ಕೊನೆಗೆ ನಮ್ಮದೇ 'ಕಾಂತಾರ'. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಕೆಲವರಿಗೆ ಕೋಪ ಬರಬಹುದು. 2022ರ ಸಿನಿಮಾ, 70ನೇ ರಾಷ್ಟ್ರಪ್ರಶಸ್ತಿಯಲ್ಲಿ ರಿಷಬ್ ಶೆಟ್ಟಿ ಅತ್ಯುತ್ತಮ ನಟ, ಜೊತೆಗೆ ಆ 1975ರ ವಿಭಾಗದ ಜನಪ್ರಿಯ ಚಿತ್ರ. ಅದೇ ಪಟ್ಟಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ 'ಕೆಜಿಎಫ್ 2'. ಈಗ 'ಚೋಮನ ದುಡಿ'ಯನ್ನೂ 'ಕಾಂತಾರ'ವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ಕರಾವಳಿ. ಎರಡರಲ್ಲೂ ಒಡೆಯನ ಮನೆ, ಅಂಗಳದ ಆಚೆ ನಿಲ್ಲೋ ಜನ. ಎರಡರಲ್ಲೂ ಬಾರಿಸೋ ವಾದ್ಯ. ಅಲ್ಲಿ ಚೋಮನ ಜೋಡಿ ಎತ್ತು, ಇಲ್ಲಿ ಕಂಬಳದ ಕೋಣ. ಎರಡರಲ್ಲೂ ಜಗಳ ಒಂದೇ, ಈ ಭೂಮಿ ಯಾರದ್ದು. ಚೋಮ ಕೇಳ್ತಾನೆ, ಸಿಗಲ್ಲ, ಸಾಯ್ತಾನೆ. 'ಕಾಂತಾರ'ದ ಶಿವ ಕೇಳಲ್ಲ, ಅವನ ಮೈಮೇಲೆ ಗುಳಿಗ ಬಂದು ಒಡೆಯನನ್ನೇ ಮುಗಿಸ್ತಾನೆ. ಆ ಗಳಿಗೆಯಲ್ಲಿ ನಾನೂ ಥಿಯೇಟರಿನಲ್ಲಿ ಕೂಗಿದ್ದೀನಿ, ಸುಳ್ಳು ಯಾಕೆ ಹೇಳ್ಲಿ. ನಮ್ಮಪ್ಪ ಇದ್ದಿದ್ರೆ ಶಿಳ್ಳೆ ಹೊಡೀತಿದ್ದ. 'ಚೋಮನ ದುಡಿ' ನಮ್ಮನ್ನು ಅಳಿಸಿತು, 'ಕಾಂತಾರ' ಎದ್ದು ನಿಲ್ಲಿಸಿತು. ಆ ಬಲ ಜನಪ್ರಿಯ ಸಿನಿಮಾಕ್ಕಷ್ಟೇ ಇರೋದು.

ಆದ್ರೆ ದೀಪ ಹತ್ತಿದ ಮೇಲೆ ಲೆಕ್ಕ ಹಾಕಿ. ಭೂತ ಕಟ್ಟೋರು ಯಾರು? ನಲಿಕೆಯವರು, ಪಂಬದರು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರೋ ಜನ. ಕೋಲ ನಡೆಯುವಾಗ ಅವರ ಎದುರು ಗುತ್ತಿನ ಮನೆಯವರೂ ಕೈಮುಗೀತಾರೆ, ಬಣ್ಣ ತೊಳೆದ ಮೇಲೆ ಅವರು ಅಂಗಳದಲ್ಲೇ. ಸಿನಿಮಾ ಇದನ್ನು ತೋರಿಸುತ್ತೆ ಕೂಡ, ಒಂದೆರಡು ಗಳಿಗೆ. ಆದ್ರೆ ಕೊನೆಗೆ ಭೂಮಿ ಪ್ರಶ್ನೆ ಬಗೆಹರಿಯೋದು ಹೇಗೆ? ದೈವ ಬಂದು ಊರವರ ಕೈ ಹಿಡಿದು ಅರಣ್ಯಾಧಿಕಾರಿಯ ಕೈ ಸೇರಿಸುತ್ತೆ. 7ನೇ ನಂಬರ್ ಫಾರಂ ಇಲ್ಲ, ಹಕ್ಕುಪತ್ರ ಇಲ್ಲ. ಚೋಮನಿಗೆ ಕಾನೂನು ಸಿಗಲಿಲ್ಲ, ಶಿವನಿಗೆ ಕಾನೂನು ಬೇಕಾಗಲಿಲ್ಲ. ಆ ಪಾತ್ರ ಮಾಡಿದ ಇಬ್ಬರಿಗೂ ದೆಹಲಿಯಲ್ಲಿ ಅತ್ಯುತ್ತಮ ನಟ. ನಲವತ್ತೇಳು ವರ್ಷದಲ್ಲಿ ಭೂಮಿ ಅಲ್ಲೇ ಇದೆ.

ಹಾಗಾದ್ರೆ ನನ್ನ ಉತ್ತರ? ಬ್ಲಾಕ್‌ಬಸ್ಟರ್‌ಗೆ ನಾಮಿನೇಷನ್ ಸಿಗಬೇಕು. ದೊಡ್ಡ ಪಂಕ್ತಿಯಲ್ಲೇ ಸಿಗಬೇಕು, "ಸದಭಿರುಚಿಯ ಜನಪ್ರಿಯ" ಅನ್ನೋ ಪಕ್ಕದ ಕೋಣೆ ಮುಚ್ಚಬೇಕು. ಗಳಿಕೆ ನೋಡಿ ಕೊಡಬೇಡಿ, ಗಳಿಕೆ ನೋಡಿ ಬಿಡಲೂಬೇಡಿ. ಬಾಕ್ಸ್ ಆಫೀಸ್ ಮತಪೆಟ್ಟಿಗೆ ಇದ್ದ ಹಾಗೆ ಅಂದೆ. ಆದ್ರೆ ಮತಪೆಟ್ಟಿಗೆ ಯಾರ ಕೈಲಿರುತ್ತೆ ಅನ್ನೋದೂ ನಮಗೆ ಗೊತ್ತಲ್ವಾ. ಸಾವಿರ ಸ್ಕ್ರೀನು ಹಿಡಿದವನದ್ದೇ ಹಿಟ್ಟು. 2025ರಲ್ಲಿ ಭಾರತ ಆಸ್ಕರ್‌ಗೆ ಕಳಿಸಿದ 'ಹೋಮ್‌ಬೌಂಡ್' ಮಾಡಿದ ನೀರಜ್ ಘೇವಾನ್ ತಾನು ದಲಿತ ಅಂತ ಎದೆತಟ್ಟಿ ಹೇಳಿಕೊಂಡವರು. ಅದು ಬ್ಲಾಕ್‌ಬಸ್ಟರ್ ಏನಲ್ಲ. ಜನ ನೋಡಿದ್ದು ಮಾತ್ರ ಒಳ್ಳೇದು ಅಂದ್ರೆ ಅಂಥವನ್ನು ನಾವೇ ಕೊಂದ ಹಾಗೆ. ಮೊದಲನೇ ಹುಡುಗ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ.

ನಾನು ಕೇಳೋದು ಬೇರೆ ಪ್ರಶ್ನೆ. ರಾಷ್ಟ್ರಪ್ರಶಸ್ತಿಗೆ ಆಸ್ಕರ್ ಥರ ಸಾವಿರಾರು ಸದಸ್ಯರ ಮತ ಇಲ್ಲ. ಪ್ರಾದೇಶಿಕ ಜ್ಯೂರಿ ಸೋಸುತ್ತೆ, ಕೇಂದ್ರ ಜ್ಯೂರಿ ಆರಿಸುತ್ತೆ, ಮುಗೀತು. ಅಮೆರಿಕದಲ್ಲಿ 2012ರಲ್ಲಿ ಒಂದು ಪತ್ರಿಕೆ ಅಕಾಡೆಮಿ ಸದಸ್ಯರ ತಲೆ ಎಣಿಸಿತು. ಶೇಕಡಾ 94 ಬಿಳಿಯರು, ಶೇಕಡಾ 77 ಗಂಡಸರು. ಆ ಲೆಕ್ಕ ಹೊರಬಂದ ಮೇಲೆ, 2015ರಲ್ಲಿ ಏಪ್ರಿಲ್ ರೈನ್ ಅನ್ನೋ ಹೆಣ್ಣುಮಗಳು ಆಸ್ಕರ್ ಎಷ್ಟು ಬೆಳ್ಳಗಿದೆ ಅಂತ ಒಂದು ಹ್ಯಾಷ್‌ಟ್ಯಾಗ್ ಹಾಕಿದ ಮೇಲೆ, ಅಕಾಡೆಮಿ ಬಾಗಿಲು ಸ್ವಲ್ಪ ತೆರೆಯಬೇಕಾಯ್ತು. 'ಬ್ಲ್ಯಾಕ್ ಪ್ಯಾಂಥರ್' ಒಳಗೆ ಬಂದಿದ್ದು ಆ ಬಾಗಿಲಿಂದ, ಬರೀ 130 ಕೋಟಿ ಡಾಲರಿಂದಲ್ಲ. ನಮ್ಮ ಜ್ಯೂರಿಯ ತಲೆ ಎಣಿಸೋರು ಯಾರು? ಈ ಎಪ್ಪತ್ತು ವರ್ಷದ ಪಟ್ಟಿಗಳು ಸಾರ್ವಜನಿಕ ದಾಖಲೆ. ಸಿನಿಮಾ ಓದೋ ನಮ್ಮ ಹುಡುಗ ಹುಡುಗಿಯರು ಯಾರಾದ್ರೂ ಇದನ್ನು ಕೈಗೆತ್ತಿಕೊಂಡ್ರೆ, ಮಾಹಿತಿ ಹಕ್ಕಿನ ಅರ್ಜಿ ಬರೆಯೋಕೆ ನಾನು ಕೂರ್ತೀನಿ.

ಇನ್ನೊಂದು. ಬರೋ ಭಾನುವಾರ ಸಂಜೆ ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ 'ಚೋಮನ ದುಡಿ' ಹಾಕ್ತಿದ್ದೀವಿ, ಅದರ ಮಾರನೇ ವಾರ 'ಸೈರಾಟ್'. ಪ್ರೊಜೆಕ್ಟರ್ ಸಿಕ್ಕಿದೆ, ಪರದೆಗೆ ಬಿಳಿ ಪಂಚೆ ಇದೆ. ಗುಂಪಿನಲ್ಲಿ ಜಗಳ ಆಡಿದ ಇಬ್ಬರೂ ಬರಬೇಕು. ಕುರ್ಚಿ ಕಡಿಮೆ ಇವೆ, ಅವು ಅಜ್ಜ ಅಜ್ಜಿಯರಿಗೆ. ಉಳಿದವರು ಚಾಪೆ ತನ್ನಿ.